ಶನಿವಾರಕ್ಕೆ ಎರಡು ಸ್ಟಾರ್, ಭಾನುವಾರಕ್ಕೆ ಐದು: ತುಮಕೂರಲ್ಲಿ ಹೈಟೆನ್ಷನ್ ಲೈನ್ ಡಿಸೈನ್ ಕೋರ್ಸ್

ಫೀಸು 32 ಸಾವಿರ ಅಂದರು. ದುಡ್ಡು ಕಟ್ಟೋಕೆ ಹೋದ ದಿನ ಜಿಎಸ್‌ಟಿ ಸೇರಿಸಿ 37,760 ಅಂತ ರಸೀದಿ ಬರೆದರು. ಅಲ್ಲೇ ಸ್ವಲ್ಪ ಬೇಜಾರಾಯ್ತು. ಆದರೂ ಎರಡು ಕಂತಲ್ಲಿ ಕಟ್ಟಿ ಸೇರಿಕೊಂಡೆ. ನಾಲ್ಕು ತಿಂಗಳು, ವಾರಕ್ಕೆ ಎರಡು ದಿನ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಪೂರ್ತಿ. ಕೋರ್ಸಿನ ಹೆಸರು ದೊಡ್ಡದು, ಸುಲಭವಾಗಿ ಹೇಳಬೇಕಂದ್ರೆ ಹೈಟೆನ್ಷನ್ ಲೈನು, ಸಬ್‌ಸ್ಟೇಷನ್ನು, ಊರೊಳಗಿನ ವಿತರಣೆ, ಇವನ್ನೆಲ್ಲ ಡಿಸೈನ್ ಮಾಡೋದು ಹೇಗೆ ಅನ್ನೋದು. ಜಾಗ ತುಮಕೂರು, ಬಿ.ಎಚ್. ರಸ್ತೆಯಿಂದ ಒಳಗೆ ಒಂದು ಅಡ್ಡರಸ್ತೆ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕ್ಲಾಸು. ಹೆಸರು ಹೇಳಲ್ಲ. ಬೈಯೋದೂ ಇದೆ, ಹೊಗಳೋದೂ ಇದೆ, ಸುಮ್ನೆ ಯಾಕೆ ಜಗಳ. ಅಲ್ಲದೆ ಈ ಥರದ ಕೋರ್ಸು ಈಗ ಎಲ್ಲಾ ಊರಲ್ಲೂ ಶುರುವಾಗಿದೆ. ನಾನು ಬರೆಯೋದು ಇನ್ಯಾವುದೋ ಊರಲ್ಲಿ ದುಡ್ಡು ಕಟ್ಟೋಕೆ ಹೊರಟಿರೋರಿಗೂ ಉಪಯೋಗಕ್ಕೆ ಬರಬಹುದು.

ನನ್ನ ಬಗ್ಗೆ ಎರಡು ಮಾತು ಹೇಳದಿದ್ರೆ ಈ ರಿವ್ಯೂ ಅರ್ಥ ಆಗಲ್ಲ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದೀನಿ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾನೆಲ್ ಬೋರ್ಡ್ ಕೆಲಸ. ಊರು ಮಧುಗಿರಿ ತಾಲ್ಲೂಕು. ಪಾವಗಡ ಕಡೆ ಸೋಲಾರ್ ಬಂದಮೇಲೆ ನಮ್ಮ ಕಡೆ ಯಾವ ದಿಕ್ಕಿಗೆ ತಿರುಗಿದರೂ ಟವರು. ಸಬ್‌ಸ್ಟೇಷನ್, ಲೈನು ಅಂತ ಕೆಲಸ ಗೊತ್ತಿರೋ ಹುಡುಗರಿಗೆ ಕಂಟ್ರಾಕ್ಟರುಗಳು ಫೋನ್ ಮಾಡಿ ಕರೀತಾರೆ. ನಾನು ಇನ್ನೂ ಬೋರ್ಡಿನೊಳಗೆ ಬಸ್‌ಬಾರ್ ಕೂರಿಸ್ತಾ ಇದ್ದೆ. ಹಂಗಾಗಿ ಸೇರಿದೆ.

ಮೊದಲು ಶನಿವಾರದ ವಿಷಯ ಮುಗಿಸಿಬಿಡ್ತೀನಿ.

ಶನಿವಾರ ಅಂದ್ರೆ ಸಾಫ್ಟ್‌ವೇರ್. ಹದಿನಾಲ್ಕು ಜನಕ್ಕೆ ಒಂಬತ್ತು ಕಂಪ್ಯೂಟರು, ಅದರಲ್ಲಿ ಲೈಸೆನ್ಸ್ ಇರೋದು ಒಂದರಲ್ಲಿ ಮಾತ್ರ. ಮಿಕ್ಕವುಗಳಲ್ಲಿ ಡೆಮೊ. ಡೆಮೊದಲ್ಲಿ ಮಾಡಿದ ಕೆಲಸ ಸೇವ್ ಆಗಲ್ಲ. ಮೂರು ಗಂಟೆ ಕೂತು ಬರೆದಿದ್ದು ಕರೆಂಟ್ ಹೋದರೆ ಹೋಯ್ತು. ಕರೆಂಟಿನ ಕ್ಲಾಸಲ್ಲೇ ಕರೆಂಟ್ ಹೋಗಿ ಎಲ್ಲರೂ ನಕ್ಕಿದ್ದೂ ಇದೆ, ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ವರ್ಷ ಆಗಿತ್ತೋ. ಪಾಠ ಮಾಡೋ ಹುಡುಗ ಒಳ್ಳೆಯವನೇ, ಆದರೆ ಅವನಿಗೆ ಗೊತ್ತಿದ್ದಿದ್ದು ಯಾವ ಬಟನ್ ಎಲ್ಲಿದೆ ಅನ್ನೋದು ಅಷ್ಟೇ. 'ಇಲ್ಲಿ ಯಾಕೆ ಈ ನಂಬರ್ ಹಾಕಿದ್ರಿ ಸಾರ್' ಅಂದ್ರೆ 'ಡೀಫಾಲ್ಟ್ ಬಿಡಿ ಮೇಡಂ, ಚೆನ್ನಾಗಿ ಬರುತ್ತೆ' ಅನ್ನೋನು.

ನೋಟ್ಸ್ ಅಂತ ಒಂದು ಸ್ಪೈರಲ್ ಪುಸ್ತಕ ಕೊಟ್ಟರು, ಅದಕ್ಕೆ ಬೇರೆ 600 ರೂಪಾಯಿ. ಎಲ್ಲೆಲ್ಲಿಂದಲೋ ಜೆರಾಕ್ಸ್ ಮಾಡಿ ಜೋಡಿಸಿದ್ದು. ಒಂದು ಅಧ್ಯಾಯ ಪೂರ್ತಿ ತಂತಿ ಮೇಲೆ ಮಂಜುಗಡ್ಡೆ ಕಟ್ಟಿಕೊಂಡರೆ ತೂಕ ಎಷ್ಟಾಗುತ್ತೆ ಅನ್ನೋ ಲೆಕ್ಕ! ತುಮಕೂರಲ್ಲಿ! ಹಿಮ ಬೀಳೋ ಕಡೆ ಅದು ಬೇಕೇ ಬೇಕು, ಇಲ್ಲ ಅಂತಲ್ಲ. ಆದರೆ ನಮಗೆ ಬೇಕಾದ ಗಾಳಿಯ ಲೆಕ್ಕ ಅದರಲ್ಲಿ ಒಂದೂವರೆ ಪುಟ. ನಮ್ಮ ದೇಶವನ್ನು ಗಾಳಿಯ ವೇಗದ ಮೇಲೆ ಆರು ವಲಯ ಮಾಡಿದ್ದಾರೆ, ಸೆಕೆಂಡಿಗೆ 33 ಮೀಟರಿಂದ 55 ಮೀಟರ್ ತನಕ, ಬೆಂಗಳೂರು 33ರಲ್ಲಿ ಬರುತ್ತೆ. ಇದು ಆ ಪುಸ್ತಕದಲ್ಲಿ ಇರಲೇ ಇಲ್ಲ. ನನಗೆ ಗೊತ್ತಾಗಿದ್ದು ಭಾನುವಾರದಲ್ಲಿ.

ಹಾಂ, ಇನ್ನೊಂದು. ಸೇರುವಾಗ 'ಸಬ್‌ಸ್ಟೇಷನ್ ಒಳಗೆ ಎರಡು ವಿಸಿಟ್' ಅಂತ ಪಾಂಪ್ಲೆಟಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಒಂದು ಸಲ ಪರ್ಮಿಷನ್ ಸಿಕ್ಕಿಲ್ಲ ಅಂದರು, ಇನ್ನೊಂದು ಸಲ ಮಳೆ ಅಂದರು. ಕೊನೆಗೆ ಒಂದು ಸ್ಟೇಷನ್ನಿನ ಬೇಲಿ ಹೊರಗೆ ನಿಂತು ಒಳಗೆ ನೋಡಿದ್ದೇ ವಿಸಿಟ್ಟು. ಹುಡುಗಿಯರಿಗೆ ಟಾಯ್ಲೆಟ್ ವ್ಯವಸ್ಥೆ ಬಗ್ಗೆ ಕೇಳಲೇಬೇಡಿ, ನಾನೊಬ್ಬಳೇ ಇದ್ದೆ, ಎದುರುಗಡೆ ದರ್ಶಿನಿಗೆ ಹೋಗಿ ಒಂದು ಕಾಫಿ ಕುಡಿದು ಬರಬೇಕಿತ್ತು. ನಾಲ್ಕು ತಿಂಗಳಿಗೆ ಆ ಕಾಫಿ ದುಡ್ಡೇ ಎಷ್ಟಾಯ್ತೋ.

ಶನಿವಾರ ಮುಗೀತು. ಎರಡು ಸ್ಟಾರ್ ಜಾಸ್ತಿನೇ ಆಯ್ತು ಅನ್ನಿಸ್ತಿದೆ, ಇರಲಿ.

ಈಗ ಭಾನುವಾರ. ಭಾನುವಾರದ ಕ್ಲಾಸು ಒಬ್ಬರು ನಿವೃತ್ತ ಎಂಜಿನಿಯರ್ ಮೇಷ್ಟ್ರದ್ದು. ಮೂವತ್ತು ವರ್ಷದ ಮೇಲೆ ಲೈನು, ಸ್ಟೇಷನ್ನು ಅಂತ ಓಡಾಡಿದವರು. ಚಪ್ಪಲಿ, ಹತ್ತಿ ಶರಟು, ಹೆಗಲಲ್ಲಿ ಒಂದು ಜೋಳಿಗೆ. ಜೋಳಿಗೆಯಲ್ಲಿ 30 ಮೀಟರ್ ಟೇಪು, ಪ್ಲಾಸ್ಟಿಕ್ ಹಗ್ಗ, ಸುತ್ತಿಗೆ, ಒಂದು ಹಳೇ ಕ್ಯಾಲ್ಕುಲೇಟರು. ಮೊದಲ ಭಾನುವಾರ ಬೆಳಗ್ಗೆ ಏಳಕ್ಕೇ ಕ್ಯಾತ್ಸಂದ್ರಕ್ಕೆ ಬನ್ನಿ ಅಂದರು. ಪಾಠ ಅಂದುಕೊಂಡು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೋರಿಗೆ ಮೊದಲು ತಟ್ಟೆ ಇಡ್ಲಿ ತಿನ್ನಿಸಿದರು. ಆಮೇಲೆ 'ಬ್ಯಾಗೆಲ್ಲ ವ್ಯಾನಲ್ಲೇ ಬಿಡ್ರಪ್ಪ' ಅಂತ ನಡೆಸಿಕೊಂಡು ಒಂದು ತೆಂಗಿನ ತೋಟಕ್ಕೆ ಕರ್ಕೊಂಡು ಹೋದರು.

ಅಲ್ಲಿ ಮಾಡಿಸಿದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನನ್ನ 37 ಸಾವಿರದಲ್ಲಿ ಅರ್ಧ ದುಡ್ಡು ಆ ಒಂದು ಬೆಳಗ್ಗೆಗೇ ವಸೂಲಾಯ್ತು.

ಎರಡು ತೆಂಗಿನ ಮರದ ನಡುವೆ, ಸುಮಾರು 30 ಮೀಟರ್ ದೂರ, ಹಗ್ಗ ಕಟ್ಟಿಸಿದರು. 'ಜೋಲೇ ಇಲ್ಲದ ಹಾಗೆ ಬಿಗೀರಿ ನೋಡೋಣ' ಅಂದರು. ನಾಲ್ಕು ಜನ ಹುಡುಗರು ಹಲ್ಲು ಕಚ್ಚಿಕೊಂಡು ಎಳೆದರು. ಎಳೆದಷ್ಟೂ ಜೋಲು ಕಮ್ಮಿ ಆಗುತ್ತೆ, ಆದರೆ ಸೊನ್ನೆ ಆಗಲ್ಲ. ಕೊನೆಗೆ ಗಂಟೇ ಜಾರಿ ಒಬ್ಬ ಹಿಂದಕ್ಕೆ ಬಿದ್ದ. 'ಈಗ ಗೊತ್ತಾಯ್ತಲ್ಲ, ತಂತಿನ ನೆಟ್ಟಗೆ ಎಳೆದು ಕಟ್ಟೋಕೆ ಹೋದರೆ ಬೀಳೋದು ತಂತಿಯಲ್ಲ, ಟವರು' ಅಂದರು. ಮಣ್ಣಲ್ಲಿ ಕೋಲು ಹಿಡಿದು ಸೂತ್ರ ಬರೆದರು. ಒಂದು ಮೀಟರ್ ತಂತಿಯ ತೂಕವನ್ನು ಎರಡು ಟವರ್ ನಡುವಿನ ದೂರದ ವರ್ಗದಿಂದ ಗುಣಿಸಿ, ಎಳೆತದ ಎಂಟರಷ್ಟರಿಂದ ಭಾಗಿಸಿ. ಬರೋದು ಜೋಲು, ಅಂದ್ರೆ ಸ್ಯಾಗ್. ದೂರ ಡಬಲ್ ಮಾಡಿದರೆ ಜೋಲು ನಾಲ್ಕು ಪಟ್ಟು. ಡಿಪ್ಲೊಮಾದಲ್ಲಿ ಇದನ್ನ ಬಾಯಿಪಾಠ ಮಾಡಿ ಹತ್ತು ಮಾರ್ಕ್ಸ್ ತಗೊಂಡಿದ್ದೆ. ಹಗ್ಗ ಎಳೆದು ಕೈ ಉರಿದಮೇಲೆ ಅದು ಬೇರೆ ಥರ ಕಾಣ್ತು.

ಆಮೇಲೆ ಒಂದು ಮ್ಯಾಜಿಕ್ ತೋರಿಸಿದರು. ಟೇಪು ಮುಟ್ಟದೇ ಜೋಲು ಅಳೀರಿ ಅಂದರು. ಹಗ್ಗಕ್ಕೆ ಒಂದು ತುದಿಯಲ್ಲಿ ಕೋಲಿಂದ ಪಟ್ ಅಂತ ಒಂದು ಏಟು. ಆ ಏಟಿನ ಅಲೆ ಹಗ್ಗದುದ್ದಕ್ಕೂ ಓಡಿ ಆ ಕಡೆ ಮರಕ್ಕೆ ತಾಗಿ ವಾಪಸ್ ಬರುತ್ತೆ. ಹಗ್ಗದ ಮೇಲೆ ಬೆರಳಿಟ್ಟುಕೊಂಡಿದ್ರೆ ವಾಪಸ್ ಬಂದಿದ್ದು ಟಕ್ ಅಂತ ಬೆರಳಿಗೇ ಗೊತ್ತಾಗುತ್ತೆ. ಮೂರು ಸಲ ವಾಪಸ್ ಬರೋ ತನಕ ಮೊಬೈಲಲ್ಲಿ ಸ್ಟಾಪ್‌ವಾಚ್. ನಮಗೆ ಬಂದಿದ್ದು 4.2 ಸೆಕೆಂಡ್. ಒಂದು ಸಲಕ್ಕೆ 1.4. ಅದರ ವರ್ಗ 1.96. ಅದನ್ನ 0.3065ರಿಂದ ಗುಣಿಸಿದರೆ 0.6 ಮೀಟರ್. ಟೇಪ್ ಹಿಡಿದು ನೋಡಿದ್ರೆ 61 ಸೆಂಟಿಮೀಟರ್! ಹಗ್ಗದ ತೂಕ ಎಷ್ಟು, ಎಷ್ಟು ಬಿಗಿ ಎಳೆದಿದ್ದೀವಿ, ಮರ ಎಷ್ಟು ದೂರ, ಯಾವುದೂ ಬೇಡ. ಹೊಸ ಲೈನ್ ಎಳೆಯುವಾಗ, ಇನ್ನೂ ಅದರೊಳಗೆ ಕರೆಂಟ್ ಬಿಡದೇ ಇರುವಾಗ, ನಿಜವಾದ ತಂತಿಗೂ ಇದೇ ಮಾಡ್ತಾರಂತೆ. ಆ 0.3065 ಎಲ್ಲಿಂದ ಬಂತು ಅಂತ ನಾನು ತಲೆ ಕೆಡಿಸಿಕೊಂಡೆ, ಗುರುತ್ವಾಕರ್ಷಣೆಯ 9.81ನ್ನು 32ರಿಂದ ಭಾಗಿಸಿ ನೋಡಮ್ಮ ಅಂದರು. ರಾತ್ರಿ ಮನೇಲಿ ಕೂತು ಮೂರು ಸಾಲಲ್ಲಿ ಬಿಡಿಸಿದಾಗ ಆದ ಖುಷಿ ಇದೆಯಲ್ಲ, ಶನಿವಾರದ ಹದಿನಾರು ಕ್ಲಾಸಲ್ಲಿ ಒಂದು ಸಲವೂ ಆಗಿರಲಿಲ್ಲ.

ಇದನ್ನ ಶನಿವಾರಕ್ಕೆ ಹೋಲಿಸಿ ನೋಡಿ. ಸಾಫ್ಟ್‌ವೇರಲ್ಲಿ ನಮಗೆ ಒಂದು ಅಭ್ಯಾಸ ಕೊಟ್ಟಿದ್ದರು. ಪ್ಯಾಂಥರ್ ಅನ್ನೋ ತಂತಿ, 300 ಮೀಟರ್ ಸ್ಪ್ಯಾನ್, ಅಂದ್ರೆ ಎರಡು ಟವರ್ ನಡುವಿನ ದೂರ. (ಈ ತಂತಿಗಳಿಗೆಲ್ಲ ಪ್ರಾಣಿಗಳ ಹೆಸರು. ಚಿಕ್ಕವು ವೀಸಲ್, ರ‍್ಯಾಬಿಟ್, ಡಾಗ್. ದೊಡ್ಡವು ಪ್ಯಾಂಥರ್, ಝೀಬ್ರಾ, ಮೂಸ್. ಹಳ್ಳಿ ಕಂಬದಲ್ಲಿ ಮೊಲ, 400 ಕೆವಿ ಟವರಲ್ಲಿ ಮೂಸ್. ಕೆವಿ ಅಂದ್ರೆ ಸಾವಿರ ವೋಲ್ಟ್. ಹೊಸಬರಿಗೆ ನೆನಪಿಟ್ಟುಕೊಳ್ಳೋಕೆ ಇದಕ್ಕಿಂತ ಸುಲಭ ಇಲ್ಲ.) ಎಲ್ಲರದ್ದೂ ಸ್ಕ್ರೀನ್ ಮೇಲೆ ಹಸಿರು ಬಂತು, ನೆಲದಿಂದ ಬೇಕಾದಷ್ಟು ಅಂತರ ಇದೆ, ಪಾಸು. ಮಾರನೇ ದಿನ ಪ್ರಿಂಟ್ ತಗೊಂಡು ಮೇಷ್ಟ್ರಿಗೆ ತೋರಿಸಿದ್ವಿ. ಅವರು ಕನ್ನಡಕ ಏರಿಸಿ ನೋಡಿ ಒಂದೇ ಒಂದು ಕೇಳಿದರು.

'ಇದು ಎಷ್ಟು ಡಿಗ್ರಿಗೆ?'

ಯಾರಿಗೂ ಗೊತ್ತಿಲ್ಲ. ನೋಡಿದ್ರೆ 32 ಡಿಗ್ರಿ. ಡೀಫಾಲ್ಟು! ತಂತಿ ಕರೆಂಟ್ ಹೊತ್ತು, ಬಿಸಿಲಲ್ಲಿ ಕಾದು 75 ಡಿಗ್ರಿ ತನಕ ಹೋಗುತ್ತೆ ಅಂತ ಲೆಕ್ಕ ಹಾಕಬೇಕು. ಕಾದರೆ ಉದ್ದ ಆಗುತ್ತೆ, ಉದ್ದ ಆದರೆ ಜೋಲುತ್ತೆ. ಕೈಯಲ್ಲೇ ಲೆಕ್ಕ ಮಾಡಿಸಿದರು. ಮೀಟರಿಗೆ 974 ಗ್ರಾಂ ತೂಕ, ಎಳೆತ ಸುಮಾರು ಎರಡು ಸಾವಿರ ಕೆಜಿ, 32 ಡಿಗ್ರಿಗೆ ಜೋಲು 5.4 ಮೀಟರ್ ಚಿಲ್ಲರೆ. 75 ಡಿಗ್ರಿಗೆ ಹತ್ತಿರ ಹತ್ತಿರ ಏಳು ಮೀಟರ್. ಒಂದೂವರೆ ಮೀಟರ್ ಕೆಳಗೆ! 66 ಕೆವಿ ಲೈನಿಗೆ ಹೊಲದ ಮೇಲೆ ಕನಿಷ್ಠ 5.5 ಮೀಟರ್, ರಸ್ತೆ ದಾಟುವಲ್ಲಿ 6.1 ಇರಬೇಕು. ನಾವು ಆರು ಮೀಟರ್ ಇದೆ ಅಂತ ಹಸಿರು ನೋಡಿ ಖುಷಿಪಟ್ಟಿದ್ದು ಬೇಸಿಗೆ ಮಧ್ಯಾಹ್ನ ನಾಲ್ಕೂವರೆ ಮೀಟರಿಗೆ ಬಂದು ನಿಲ್ಲುತ್ತೆ. 'ಹುಲ್ಲು ತುಂಬಿದ ಟ್ರ್ಯಾಕ್ಟರ್ ಮೇಲೆ ಒಬ್ಬ ಹುಡುಗ ಕೂತಿರ್ತಾನೆ, ಅವನಿಗೆ ನಿಮ್ಮ ಹಸಿರು ಕಾಣಲ್ಲ' ಅಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನಗೆ ಸಾಫ್ಟ್‌ವೇರ್ ಮೇಲೆ ಸಿಟ್ಟಿಲ್ಲ. ಐವತ್ತು ಕಿಲೋಮೀಟರ್ ಲೈನನ್ನ ಯಾರೂ ಕ್ಯಾಲ್ಕುಲೇಟರಲ್ಲಿ ಮಾಡಲ್ಲ. ಕೆಲಸಕ್ಕೆ ಹೋದರೆ ಅದು ಗೊತ್ತಿರಲೇಬೇಕು, ಇಂಟರ್‌ವ್ಯೂನಲ್ಲಿ ಮೊದಲು ಕೇಳೋದೇ ಅದು. ನನ್ನ ತಕರಾರು, ಕೈಲೆಕ್ಕ ಮಾಡಿಸದೇ ನೇರವಾಗಿ ಬಟನ್ ಒತ್ತಿಸ್ತಾರಲ್ಲ, ಅದರ ಮೇಲೆ.

ಇನ್ನೊಂದು ಭಾನುವಾರ ಭೂಮಿಯ ಪಾಠ. ಅರ್ಥಿಂಗ್ ಅಂದ್ರೆ ನನಗೆ ಗೊತ್ತಿದ್ದಿದ್ದು ಉಪ್ಪು, ಇದ್ದಿಲು, ಒಂದು ಪೈಪು, ಮುಗೀತು. ಮಧುಗಿರಿ ಕಡೆ ಬೆಟ್ಟ ಕಾಣೋ ಹಾಗಿರೋ ಒಂದು ಬೀಳು ಹೊಲಕ್ಕೆ ಹೋದ್ವಿ. ನಾಲ್ಕು ಕಬ್ಬಿಣದ ಸರಳು, ಐದೈದು ಮೀಟರ್ ದೂರಕ್ಕೆ ಒಂದೇ ಸಾಲಲ್ಲಿ ಬಡಿದು, ಮೀಟರ್ ವೈರು ಸಿಕ್ಕಿಸಿ, ಹಿಡಿಕೆ ತಿರುಗಿಸಿದರು. ಓದಿದ್ದು 12 ಓಮ್. ಅದನ್ನ ಎರಡು ಪೈ ಇಂಟು ಐದರಿಂದ, ಅಂದ್ರೆ 31.4ರಿಂದ ಗುಣಿಸಿದರೆ 377 ಓಮ್-ಮೀಟರ್. ಆ ಮಣ್ಣು ಕರೆಂಟನ್ನ ಎಷ್ಟು ತಡೆಯುತ್ತೆ ಅನ್ನೋದರ ಅಳತೆ ಇದು. ಅಲ್ಲಿಂದ ಅರ್ಧ ಕಿಲೋಮೀಟರ್ ಕೆಳಗೆ ನೀರು ಹಾಯಿಸಿದ ಅಡಿಕೆ ತೋಟದಲ್ಲಿ ಅದೇ ಸರಳು, ಅದೇ ದೂರ, ಒಂದೂವರೆ ಓಮ್, ಅಂದ್ರೆ 47. ಒಂದೇ ಊರಲ್ಲಿ ಎಂಟು ಪಟ್ಟು ವ್ಯತ್ಯಾಸ! ಕಲ್ಲು ನೆಲದಲ್ಲಿ ಸಬ್‌ಸ್ಟೇಷನ್ ಕಟ್ಟಿದರೆ ಅದರ ಅರ್ಥ್ ಒಂದು ಓಮಿಗಿಂತ ಕೆಳಗೆ ತರೋಕೆ ನೆಲದೊಳಗೆ ಎಷ್ಟು ಉದ್ದ ಪಟ್ಟಿ ಹೂಳಬೇಕು ಅಂತ ಆಗ ಅಂದಾಜಾಯ್ತು.

ನಾವು ಸರಳು ಬಡೀತಿರೋದು ನೋಡಿ ಪಕ್ಕದ ಹೊಲದ ಯಜಮಾನರು ಓಡಿ ಬಂದರು. 'ಏನ್ ಸ್ವಾಮಿ, ಇಲ್ಲೂ ಟವರ್ ಬತ್ತೈತಾ?' ಅಂತ ಮುಖ ಸಣ್ಣ ಮಾಡಿಕೊಂಡು ಕೇಳಿದರು. 'ಇಲ್ಲ ಕಣ್ರೀ, ಹುಡುಗ್ರು ಪಾಠ ಕಲೀತಾವ್ರೆ' ಅಂತ ಮೇಷ್ಟ್ರು ಅವರದ್ದೇ ಭಾಷೆಯಲ್ಲಿ ಹೇಳಿದಮೇಲೆ ನಂಬಿದರು, ಆಮೇಲೆ ಎಳನೀರು ಬೇರೆ ಕೊಯ್ದು ಕೊಟ್ಟರು.

ಸಬ್‌ಸ್ಟೇಷನ್ ಅಂಗಳದಲ್ಲಿ ಜಲ್ಲಿ ಯಾಕೆ ಹಾಕ್ತಾರೆ ಅಂತ ಅವತ್ತೇ ಕೇಳಿದರು. ಒಬ್ಬ ಕಳೆ ಬೆಳೆಯದಿರಲಿ ಅಂತ ಅಂದ, ಇನ್ನೊಬ್ಬ ಹಾವು ಬರದಿರಲಿ ಅಂತ. ನಾನು ಕೆಸರಾಗಬಾರದು ಅಂತ ಅಂದೆ. ಅವೆಲ್ಲ ಇದ್ದರೂ ಇರಬಹುದು, ಮುಖ್ಯ ಕಾರಣ ಬೇರೆ. ಲೈನಲ್ಲಿ ಫಾಲ್ಟ್ ಆಗಿ ಸಾವಿರಾರು ಆಂಪಿಯರ್ ನೆಲಕ್ಕೆ ಇಳಿದಾಗ ನೆಲದ ಮೇಲೇ ವೋಲ್ಟೇಜ್ ಏರುತ್ತೆ. ಒಂದು ಹೆಜ್ಜೆಯ ಅಂತರದಲ್ಲಿ ಎರಡು ಪಾದಕ್ಕೆ ಬೇರೆ ಬೇರೆ ವೋಲ್ಟೇಜು. ಕೈ ಕಬ್ಬಿಣದ ಮೇಲಿದ್ದರೆ ಕೈಗೂ ಕಾಲಿಗೂ ಬೇರೆ ಬೇರೆ. ಒಣ ಜಲ್ಲಿ ಪದರ ಕಾಲಿಗೂ ನೆಲಕ್ಕೂ ನಡುವೆ ಅಡ್ಡ ನಿಂತು ದೇಹದೊಳಗೆ ಹೋಗೋ ಕರೆಂಟನ್ನ ಕಮ್ಮಿ ಮಾಡುತ್ತೆ. ಅರ್ಧ ಅಡಿ ಜಲ್ಲಿಯೂ ಡಿಸೈನೇ. ಬೇಲಿ ಹೊರಗೆ ನಿಂತು ಮಾಡಿದ ವಿಸಿಟ್ಟಲ್ಲಿ ನನಗೆ ಕಂಡಿದ್ದು ಜಲ್ಲಿ ಮಾತ್ರ, ಆದರೆ ಅಷ್ಟು ಹೊತ್ತಿಗೆ ಅದನ್ನ ನೋಡೋಕೆ ಬಂದಿತ್ತು.

ವಿತರಣೆ ಪಾಠದಲ್ಲಿ ನಮ್ಮ ಮನೆ ಕಥೆಯೇ ಸಿಕ್ಕಿತು. ನಮ್ಮಪ್ಪನ ಕೊಳವೆ ಬಾವಿ ಟಿಸಿಯಿಂದ, ಅಂದ್ರೆ ಟ್ರಾನ್ಸ್‌ಫಾರ್ಮರಿಂದ, ಸುಮಾರು ಒಂದು ಕಿಲೋಮೀಟರ್ ದೂರ. ಎರಡು ವರ್ಷದಲ್ಲಿ ಮೂರು ಸಲ ಮೋಟರ್ ಸುಟ್ಟಿತ್ತು. ರೀವೈಂಡಿಂಗ್, ಪಂಪ್ ಎತ್ತೋ ಕೂಲಿ, ಮತ್ತೆ ಇಳಿಸೋ ಕೂಲಿ. ಅಪ್ಪ ಬೈಯೋದು ಮೋಟರ್ ಕಂಪನಿನ, ಅಮ್ಮ ಬೈಯೋದು ಮೆಕ್ಯಾನಿಕ್‌ನ. ಮೇಷ್ಟ್ರು ಅದನ್ನೇ ಬೋರ್ಡ್ ಮೇಲೆ ಲೆಕ್ಕ ಹಾಕಿಸಿದರು. ಹತ್ತು ಎಚ್‌ಪಿ ಪಂಪಿಗೆ ಹದಿನೈದು ಆಂಪಿಯರ್ ಅಂದುಕೊಳ್ಳಿ. ಆ ಲೈನಲ್ಲಿ ನಾಲ್ಕು ಪಂಪು, ಅರವತ್ತು ಆಂಪಿಯರ್. ರ‍್ಯಾಬಿಟ್ ತಂತಿ, ಕಿಲೋಮೀಟರಿಗೆ ಅರ್ಧ ಓಮಿಗಿಂತ ಸ್ವಲ್ಪ ಜಾಸ್ತಿ. ಎಲ್ಲ ಸೇರಿ ದಾರೀಲೇ ಸುಮಾರು 65 ವೋಲ್ಟ್ ಕರಗಿಹೋಗುತ್ತೆ. 415 ಹೊರಟಿದ್ದು ನಮ್ಮಪ್ಪನ ಸ್ಟಾರ್ಟರಿಗೆ 350 ಆಗಿ ತಲುಪುತ್ತೆ. ವೋಲ್ಟೇಜ್ ಕಮ್ಮಿಯಾದರೂ ಮೋಟರ್ ಅಷ್ಟೇ ಕೆಲಸ ಮಾಡೋಕೆ ಹೋಗಿ ಜಾಸ್ತಿ ಕರೆಂಟ್ ಎಳೆಯುತ್ತೆ, ಕಾಯುತ್ತೆ, ಸುಡುತ್ತೆ. ಅದೇ ಪವರನ್ನ 11 ಕೆವಿಯಲ್ಲಿ ಪಂಪುಗಳ ಹತ್ತಿರದ ತನಕ ತಂದು, ಅಲ್ಲಿ ಚಿಕ್ಕ ಟಿಸಿ ಇಟ್ಟರೆ? ಅರವತ್ತು ಆಂಪಿಯರ್ ಹೋಗಿ ಎರಡು ಕಾಲು ಆಂಪಿಯರ್! ತಂತಿಯಲ್ಲಿ ಆಗೋ ನಷ್ಟ ಕರೆಂಟಿನ ವರ್ಗದ ಮೇಲೆ ಹೋಗೋದರಿಂದ ಅದು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಹೈ ವೋಲ್ಟೇಜ್ ಯಾಕೆ ಬೇಕು ಅನ್ನೋ ಪ್ರಶ್ನೆಗೆ ನಾನು ಓದಿದ ಉತ್ತರಗಳಲ್ಲೆಲ್ಲ ನಮ್ಮಪ್ಪನ ಮೋಟರೇ ಚೆನ್ನಾಗಿರೋದು.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. 'ನಾಲ್ಕು ಪಂಪು ಎಲ್ಲೈತೆ, ಏಳವೆ' ಅಂದ. ಮೂರು ಲೆಕ್ಕಕ್ಕೇ ಇಲ್ಲದ್ದು, ಅವರವರೇ ಹಾಕಿಕೊಂಡಿದ್ದು. ಒಂದು ನಮ್ಮ ದೊಡ್ಡಪ್ಪಂದು. ಅಲ್ಲಿಗೆ ಆ ಮಾತು ಮನೇಲಿ ಮುಂದುವರಿಯಲಿಲ್ಲ.

ಲೈನಿನ ದಾರಿ ಹಾಕೋ ಪಾಠದಲ್ಲಿ ನಾನು ಚೆನ್ನಾಗಿ ಬೈಸಿಕೊಂಡೆ. ಉಪಗ್ರಹ ನಕ್ಷೆಯಲ್ಲಿ ಎರಡು ಊರಿನ ನಡುವೆ ಎಂಟು ಕಿಲೋಮೀಟರ್ 66 ಕೆವಿ ಲೈನಿಗೆ ದಾರಿ ಹಾಕಿ ಬನ್ನಿ ಅಂದರು. ನಾನು ಸ್ಕೇಲ್ ಇಟ್ಟು ಗೆರೆ ಎಳೆದೆ, ಅತಿ ಕಮ್ಮಿ ಉದ್ದ ಅಂತ ಹೆಮ್ಮೆ ಬೇರೆ. ಅದು ಒಂದು ಕೆರೆ ಏರಿ, ಒಂದು ಗುಡಿ, ಒಂದು ಶಾಲೆ ಮೈದಾನ, ಮತ್ತೆ ಕಮ್ಮಿ ಅಂದ್ರೂ ನೂರು ತೆಂಗಿನ ಮರದ ಮೇಲೆ ಹೋಗಿತ್ತು. 66 ಕೆವಿಗೆ 18 ಮೀಟರ್ ಅಗಲದ ಪಟ್ಟಿ ಬೇಕು, ಒಂದು ಕಿಲೋಮೀಟರಿಗೆ ಹತ್ತಿರ ನಾಲ್ಕೂವರೆ ಎಕರೆ. 220ಕ್ಕೆ 35 ಮೀಟರ್, 400ಕ್ಕೆ 46. ಆ ಪಟ್ಟಿಯಲ್ಲಿ ರಾಗಿ ಬೆಳೀಬಹುದು, ತೆಂಗು ಬಿಡಲ್ಲ. ತಿಪಟೂರು, ಗುಬ್ಬಿ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸರಿ ಅಂತ ಎರಡನೇ ಸಲ ಎಲ್ಲ ತಪ್ಪಿಸಿಕೊಂಡು ಹಾವಿನ ಹಾಗೆ ಹಾಕಿಕೊಂಡು ಹೋದೆ. ಅದಕ್ಕೂ ಬೈಗುಳ. ತಂತಿ ನೇರ ಹೋಗುವಲ್ಲಿ ಟವರಿಗೆ ಹೊರೆ ಕಮ್ಮಿ. ಎರಡು ಡಿಗ್ರಿ ತನಕ ತಿರುಗಿದರೆ ಹಗುರ ಟವರ್ ಸಾಕು. 15 ಡಿಗ್ರಿಗೆ ಬೇರೆ, 30ಕ್ಕೆ ಬೇರೆ, 60ಕ್ಕೆ ಆನೆಯಂಥ ಟವರು, ಅದರ ಪಾಯವೂ ಅಷ್ಟೇ ದೊಡ್ಡದು. ತಿರುವು ಒಂದೊಂದಕ್ಕೂ ದುಡ್ಡು. ಮೂರನೇ ಸಲ ನಕ್ಷೆ ಬಿಟ್ಟು, ನಮ್ಮ ಬ್ಯಾಚಿನ ಒಬ್ಬ ಅಣ್ಣನ ಬೈಕಲ್ಲಿ ಹೋಗಿ ದಾರಿ ಪೂರ್ತಿ ನೋಡಿಕೊಂಡು ಬಂದೆ. ನಕ್ಷೆಯಲ್ಲಿ ಖಾಲಿ ಕಂಡ ಜಾಗದಲ್ಲಿ ಹೊಸದಾಗಿ ಲೇಔಟ್ ಕಲ್ಲು ನೆಟ್ಟಿದ್ದರು. ಆ ಸಲ ಮೇಷ್ಟ್ರು ಏನೂ ಅನ್ನಲಿಲ್ಲ, ಪೆನ್ಸಿಲಲ್ಲಿ ಒಂದು ತಿರುವು ಮಾತ್ರ ಸರಿಸಿದರು.

ಮೂರು ಜಿಲ್ಲೆ ಸುತ್ತಿದರೆ ಇಡೀ ಸಿಲಬಸ್ ಕಣ್ಣಲ್ಲೇ ನೋಡಬಹುದು ಅಂತ ಅವರು ಆಗಾಗ ಹೇಳೋರು. ಸುಳ್ಳಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ಲೈನ್ ಎಳೆದು ಕರೆಂಟ್ ಕೊಟ್ಟರು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ, ಅಂದ್ರೆ ಕೋಲಾರವೇ ಮೊದಲು, ಕೋಲಾರದವರು ಕಾಲರ್ ಎತ್ತಿಕೊಳ್ಳಬಹುದು. ಅದೇ ಕೋಲಾರಕ್ಕೆ 2003ರಲ್ಲಿ ಒಡಿಶಾದ ತಾಲ್ಚೇರಿಂದ ಡಿಸಿ ಲೈನ್ ಬಂತು, 500 ಕೆವಿ ಪ್ಲಸ್, 500 ಕೆವಿ ಮೈನಸ್, ಸುಮಾರು 1400 ಕಿಲೋಮೀಟರ್, ಮೊದಲು 2000 ಮೆಗಾವ್ಯಾಟ್, ಆಮೇಲೆ 2500ಕ್ಕೆ ಏರಿಸಿದರು. ಅಷ್ಟು ದೂರಕ್ಕೆ ಎಸಿ ಲೈನ್ ಎಳೆದರೆ ತಂತಿಯೇ ಒಂದು ದೊಡ್ಡ ಕೆಪಾಸಿಟರ್ ಥರ ಆಡುತ್ತೆ. ಲೋಡ್ ಕಮ್ಮಿ ಇದ್ದಾಗ ಆ ತುದಿಯಲ್ಲಿ ವೋಲ್ಟೇಜ್ ಹೊರಟಿದ್ದಕ್ಕಿಂತ ಜಾಸ್ತಿ ಆಗಿಬಿಡುತ್ತೆ. ಡಿಸಿಯಲ್ಲಿ ಆ ತಲೆನೋವಿಲ್ಲ, ಆದರೆ ಎರಡೂ ಕಡೆ ಎಸಿಯಿಂದ ಡಿಸಿ, ಡಿಸಿಯಿಂದ ಎಸಿ ಮಾಡೋ ಸ್ಟೇಷನ್ನಿಗೆ ವಿಪರೀತ ಖರ್ಚು. ಹಂಗಾಗಿ ದೂರ ತುಂಬಾ ಇದ್ದರೆ ಮಾತ್ರ ಡಿಸಿ ಗಿಟ್ಟುತ್ತೆ. ಚಿಕ್ಕಮ್ಮನ ಮಗಳ ಮದುವೆಗೆ ಕೋಲಾರಕ್ಕೆ ಹೋದಾಗ ಬಸ್ಸಿನ ಕಿಟಕಿಯಿಂದ ಹುಡುಕಿದೆ. ಬೇರೆ ಟವರಲ್ಲಿ ತಂತಿ ಮೂರರ ಲೆಕ್ಕದಲ್ಲಿರುತ್ತೆ, ಇದರಲ್ಲಿ ಆ ಕಡೆ ಒಂದು, ಈ ಕಡೆ ಒಂದು. ಸಿಕ್ಕಿತು! ಪಕ್ಕದಲ್ಲಿದ್ದ ಅಜ್ಜಿ 'ಏನಮ್ಮ, ಯಾರು ಸಿಕ್ಕಿದ್ರು' ಅಂದರು.

ಇನ್ನು ಪಾವಗಡ ಇದ್ದೇ ಇದೆ. 2050 ಮೆಗಾವ್ಯಾಟ್ ಸೋಲಾರ್, ಸುಮಾರು 13 ಸಾವಿರ ಎಕರೆ, ಎಲ್ಲ ರೈತರಿಂದ ಗುತ್ತಿಗೆಗೆ ತಗೊಂಡ ಭೂಮಿ. ಬೆಳಗ್ಗೆ ಏರುತ್ತೆ, ಸಂಜೆ ಸೊನ್ನೆ. ಹಗಲಿಗೆ ತಕ್ಕ ಹಾಗೆ ಕಟ್ಟಿದ 400 ಕೆವಿ ಲೈನು ರಾತ್ರಿ ಹೆಚ್ಚುಕಮ್ಮಿ ಖಾಲಿ ನಿಂತಿರುತ್ತೆ. ಆಗ ವೋಲ್ಟೇಜ್ ಏರದ ಹಾಗೆ ಹಿಡಿದಿಡೋಕೆ ಏನು ಮಾಡ್ತೀರಿ ಅಂತ ಕೊನೇ ಪರೀಕ್ಷೆಯಲ್ಲಿ ಕೇಳಿದ್ದರು. ರಿಯಾಕ್ಟರ್ (ವೋಲ್ಟೇಜ್ ಏರದ ಹಾಗೆ ಹಿಡಿಯೋ ದೊಡ್ಡ ತಂತಿ ಸುರುಳಿ) ಅಂತ ಬರೆದೆ, ಲೆಕ್ಕ ಅರ್ಧಕ್ಕೆ ನಿಂತಿತು. ಐದಕ್ಕೆ ಮೂರು ಮಾರ್ಕ್ಸ್ ಕೊಟ್ಟರು.

ಈಗ ನನಗೊಂದು ಚಟ ಅಂಟಿಕೊಂಡಿದೆ. ಟವರ್ ಕಂಡರೆ ಡಿಸ್ಕ್ ಎಣಿಸೋದು. ತಂತಿ ನೇತುಹಾಕಿರೋ ಆ ತಟ್ಟೆ ತಟ್ಟೆ ಇನ್ಸುಲೇಟರ್ ಇದೆಯಲ್ಲ, 11 ಕೆವಿಗೆ ಒಂದು, 33ಕ್ಕೆ ಮೂರು, 66ಕ್ಕೆ ಐದು, 220ಕ್ಕೆ ಹದಿಮೂರು ಹದಿನಾಲ್ಕು, 400ಕ್ಕೆ ಇಪ್ಪತ್ತಮೂರು ಆಸುಪಾಸು. ಒಂದೆರಡು ಹೆಚ್ಚುಕಮ್ಮಿ ಇರುತ್ತೆ, ಹೊಸ ಲೈನಲ್ಲಿ ಡಿಸ್ಕ್ ಬದಲು ಒಂದೇ ಉದ್ದ ಪಾಲಿಮರ್ ಕಡ್ಡಿ ಇದ್ದರೆ ಎಣಿಸೋಕಾಗಲ್ಲ. ಮಧುಗಿರಿ ಬಸ್ಸಲ್ಲಿ ಟೈಂಪಾಸಿಗೆ ಇದಕ್ಕಿಂತ ಚೆನ್ನಾಗಿರೋದು ಇಲ್ಲ.

ಒಂದು ವಿಷಯದಲ್ಲಿ ಮೇಷ್ಟ್ರು ನಗ್ತಾ ಇರಲಿಲ್ಲ. ಎಲ್‌ಸಿ, ಅಂದ್ರೆ ಲೈನ್ ಕ್ಲಿಯರ್. ಕೆಲಸಕ್ಕೆ ಮೊದಲು ಲೈನ್ ಆಫ್ ಮಾಡಿಸಿ ಬರಹದಲ್ಲಿ ತಗೊಳ್ಳೋದು. ಕಾಗದ ಕೈಗೆ ಬಂದರೂ ತಂತಿ ಸತ್ತಿದೆ ಅಂತ ನಂಬಬೇಡಿ, ಪರೀಕ್ಷೆ ಮಾಡಿ, ಕೆಲಸದ ಜಾಗದ ಎರಡೂ ಕಡೆ ಅರ್ಥ್ ರಾಡ್ ಹಾಕಿ, ಆಮೇಲೆ ಮುಟ್ಟಿ. ಯಾರದೋ ಮನೆ ಜನರೇಟರ್ ತಪ್ಪಾಗಿ ಕನೆಕ್ಟ್ ಆಗಿದ್ದರೆ ಚಿಕ್ಕ ಟಿಸಿಯೇ ಉಲ್ಟಾ ಕೆಲಸ ಮಾಡಿ ಆ ಕಡೆ 11 ಸಾವಿರ ವೋಲ್ಟ್ ಎಬ್ಬಿಸುತ್ತೆ. ಇದನ್ನ ಪ್ರತಿ ಭಾನುವಾರ, ಪ್ರತಿ ಸಲ, ಮನೆಗೆ ಹೊರಡೋ ಮುಂಚೆ ನಮ್ಮ ಬಾಯಲ್ಲೇ ಹೇಳಿಸೋರು. ಮೊದಮೊದಲು ಪ್ರೈಮರಿ ಸ್ಕೂಲ್ ಥರ ಅನ್ನಿಸ್ತಿತ್ತು. ಅವರ ಬಲಗೈಯ ಎರಡು ಬೆರಳು ಪೂರ್ತಿ ಮಡಚಲ್ಲ ಅನ್ನೋದನ್ನ ಮೂರನೇ ತಿಂಗಳಲ್ಲಿ ಗಮನಿಸಿದೆ. ಕೇಳೋ ಧೈರ್ಯ ಬರಲಿಲ್ಲ.

ಸೇರೋರಿಗೆ ನನ್ನ ಸಲಹೆ ಅಂತ ಹೇಳೋದಾದ್ರೆ, ದುಡ್ಡು ಕಟ್ಟೋ ಮುಂಚೆ ಎರಡೇ ಕೇಳಿ. ಲೈಸೆನ್ಸ್ ಇರೋ ಕಂಪ್ಯೂಟರ್ ಎಷ್ಟು, ಹೊಲಕ್ಕೆ ಎಷ್ಟು ದಿನ ಕರ್ಕೊಂಡು ಹೋಗ್ತೀರಿ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದ್ರೆ ನಕ್ಕು ಸುಮ್ಮನಾಗಿ, ನಮ್ಮ ಬ್ಯಾಚಲ್ಲಿ ಸೆಂಟರ್ ಕಡೆಯಿಂದ ಕೆಲಸ ಸಿಕ್ಕಿದ್ದು ಇಬ್ಬರಿಗೆ. ನೋಟ್ಸಿಗೆ ದುಡ್ಡು ಕೊಡಲೇಬೇಡಿ. ಸರ್ಕಾರದ ಸ್ಟ್ಯಾಂಡರ್ಡ್ ಪುಸ್ತಕಗಳೇ ಇವೆ, ತಂತಿಗೆ ಐಎಸ್ 398, ಟವರಿಗೆ 802, ಲೈನಿಗೆ 5613, ಅವನ್ನ ಹೊರಡಿಸೋ ಬಿಐಎಸ್ ವೆಬ್‌ಸೈಟಲ್ಲಿ ಅಕೌಂಟ್ ಮಾಡಿಕೊಂಡರೆ ಪುಕ್ಕಟೆ ಸಿಗುತ್ತೆ. ಥಿಯರಿ ಬೇಕಾದ್ರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರೊಫೆಸರುಗಳ ಪಾಠ ಇದೆ, ಅದೂ ಪುಕ್ಕಟೆ. ಇಂಗ್ಲಿಷಲ್ಲಿದೆ, ಎರಡೆರಡು ಸಲ ನೋಡಬೇಕಾಗುತ್ತೆ, ನಾನು ಕೆಲವನ್ನ ಮೂರು ಸಲ ನೋಡಿದೆ.

ನಾನಿನ್ನೂ ಪ್ಯಾನೆಲ್ ಬೋರ್ಡ್ ಕಂಪನಿಯಲ್ಲೇ ಇದ್ದೀನಿ. ಒಂದು ಲೈನ್ ಕಂಟ್ರಾಕ್ಟರ್ ಹತ್ತಿರ ಎಸ್ಟಿಮೇಟ್ ಮಾಡೋ ಕೆಲಸಕ್ಕೆ ಮಾತಾಡಿದೀನಿ, ಸಂಬಳದ್ದು ಇನ್ನೂ ಎಳೆದಾಟ ನಡೀತಿದೆ. ಅವರು ಇಂಟರ್‌ವ್ಯೂನಲ್ಲಿ ಸಾಫ್ಟ್‌ವೇರ್ ಬಗ್ಗೆ ಎರಡು ಪ್ರಶ್ನೆ ಕೇಳಿ, ಆಮೇಲೆ ಒಂದು ಪ್ರೊಫೈಲ್ ಡ್ರಾಯಿಂಗ್, ಅಂದ್ರೆ ನೆಲ, ಟವರು, ತಂತಿಯ ಜೋಲು ಪಕ್ಕದಿಂದ ಕಾಣೋ ಚಿತ್ರ, ಮುಂದಿಟ್ಟರು. ನಾನು ಮೊದಲು ಕೇಳಿದ್ದು, 'ಇದು ಎಷ್ಟು ಡಿಗ್ರಿಗೆ ಸಾರ್?'

ಹೋದ ವಾರ ನನ್ನ ತಮ್ಮನನ್ನ ಸೇರಿಸೋಕೆ ಅದೇ ಸೆಂಟರಿಗೆ ಹೋಗಿದ್ದೆ. ಭಾನುವಾರ ಮಾತ್ರ ಬರ್ತಾನೆ, ಅರ್ಧ ಫೀಸು ತಗೊಳ್ಳಿ ಅಂದೆ. 'ಹಂಗೆಲ್ಲ ಬರಲ್ಲ ಮೇಡಂ' ಅಂದಳು ಕೌಂಟರಲ್ಲಿದ್ದ ಹುಡುಗಿ. ಅರ್ಧ ಗಂಟೆ ಚೌಕಾಸಿ ಮಾಡಿದಮೇಲೆ 22 ಸಾವಿರಕ್ಕೆ ಒಪ್ಪಿದರು, ನೋಟ್ಸ್ ಇಲ್ಲದೆ. ಮೇಷ್ಟ್ರ ಹಗ್ಗ ಸವೆದು ಹೋಗಿತ್ತು, ಅದಕ್ಕೆ ಭದ್ರಮ್ಮ ಛತ್ರದ ಹತ್ತಿರ ನಲವತ್ತು ಮೀಟರ್ ಹೊಸ ಹಗ್ಗ ತಗೊಂಡು ತಮ್ಮನ ಕೈಯಲ್ಲಿ ಕಳಿಸಿದೀನಿ.